ಥ್ರೂಪುಟ್: ಯಾವುದರದ್ದು, ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೆ?

ಪ್ರಶ್ನೆ: ನಾನು ಕಸ್ಟಮ್ಸ್ ಕ್ಲಿಯರಿಂಗ್ ಮಾಡುವ ಒಂದು ಆಫೀಸಿನಲ್ಲಿದ್ದೇನೆ. ದಿನ ಬೆಳಗಾದರೆ ‘ಪೋರ್ಟ್ ಥ್ರೂಪುಟ್’ ಅನ್ನುವ ಮಾತು ಕಿವಿಗೆ ಬೀಳುತ್ತದೆ. ಒಬ್ಬರು ಅದು ಕೆಪ್ಯಾಸಿಟಿ ಅನ್ನುತ್ತಾರೆ. ಇನ್ನೊಬ್ಬರು ಔಟ್‌ಪುಟ್‌ಗೇ ಇನ್ನೊಂದು ಹೆಸರು ಅನ್ನುತ್ತಾರೆ. ಇಂಜಿನಿಯರಿಂಗ್ ಓದುವ ಮಗ ಅದು ಇಂಟರ್‌ನೆಟ್‌ನ ಪದ ಅನ್ನುತ್ತಾನೆ. ಯಾರು ಸರಿ? ಕನ್ನಡದಲ್ಲಿ ಏನನ್ನಬೇಕು?
— ಓದುಗರೊಬ್ಬರು, ನೆರೂಳ್

ಉತ್ತರ: ಔಟ್‌ಪುಟ್ ಅಂದವರು ಹತ್ತಿರ ಬಂದಿದ್ದಾರೆ. ಕೆಪ್ಯಾಸಿಟಿ ಅಂದವರು ದಾರಿ ತಪ್ಪಿದ್ದಾರೆ. ನಿಮ್ಮ ಮಗ ಹೇಳಿದ್ದು ಸುಳ್ಳಲ್ಲ, ಆದರೆ ಈ ಪದ ಓಡಾಡುವ ಹತ್ತಾರು ಕಡೆಗಳಲ್ಲಿ ಇಂಟರ್‌ನೆಟ್ ಒಂದು, ಅಷ್ಟೇ.

ಇನ್‌ಪುಟ್ ಅಂದರೆ ಒಳಗೆ ಹಾಕಿದ್ದು. ಔಟ್‌ಪುಟ್ ಅಂದರೆ ಹೊರಗೆ ಬಂದದ್ದು. ಥ್ರೂಪುಟ್ ಅಂದರೆ ಇಂತಿಷ್ಟು ಹೊತ್ತಿನಲ್ಲಿ ಒಂದು ವ್ಯವಸ್ಥೆಯನ್ನು ಹಾದು ಆಚೆ ಕಡೆ ತಲುಪಿದ್ದು. ‘ಇಂತಿಷ್ಟು ಹೊತ್ತಿನಲ್ಲಿ’ ಅನ್ನುವುದೇ ಈ ಪದದ ಜೀವ. ಸೆಕೆಂಡಿಗೆ, ಗಂಟೆಗೆ, ದಿನಕ್ಕೆ, ವರ್ಷಕ್ಕೆ — ಯಾವುದಾದರೂ ಒಂದು ಇರಲೇಬೇಕು. ಸುಮ್ನೆ ‘ನಮ್ಮ ಥ್ರೂಪುಟ್ 500’ ಅಂದರೆ ಅದಕ್ಕೆ ಅರ್ಥವೇ ಇಲ್ಲ.

ಭಾನುವಾರ ಬೆಳಿಗ್ಗೆ ಮಾಟುಂಗಾದ ಯಾವುದಾದರೂ ಉಡುಪಿ ಹೋಟೆಲಿಗೆ ಹೋಗಿ ನೋಡಿ. ಬಾಗಿಲಲ್ಲಿ ಹೆಸರು ಬರೆಸಿ ಜನ ಕಾಯುತ್ತಿರುತ್ತಾರೆ. ಒಳಗೆ ಒಂದು ದೊಡ್ಡ ಕಾವಲಿ. ಲೆಕ್ಕಕ್ಕೆ, ಅದರ ಮೇಲೆ ಒಂದು ಸಲಕ್ಕೆ ಆರು ದೋಸೆ ಹಿಡಿಸುತ್ತವೆ ಅಂದುಕೊಳ್ಳಿ. ಭಟ್ಟರು ನೀರು ಚಿಮುಕಿಸಿ, ಕಡ್ಡಿ ಪೊರಕೆಯಲ್ಲಿ ಒರೆಸಿ, ಹಿಟ್ಟು ಹೊಯ್ದು, ಬಟ್ಟಲಿನ ತಳದಲ್ಲಿ ತಿರುವಿ, ಎಣ್ಣೆ ಬಿಟ್ಟು, ಕೆಂಪಗಾದ ಮೇಲೆ ಪಲ್ಯ ಇಟ್ಟು ಮಡಚಿ ಎತ್ತುವಷ್ಟರಲ್ಲಿ ಐದು ನಿಮಿಷ ಆಗುತ್ತದೆ. ಗಂಟೆಗೆ ಹನ್ನೆರಡು ಸುತ್ತು, ಸುತ್ತಿಗೆ ಆರು, ಒಟ್ಟು 72 ದೋಸೆ. ಇದು ಆ ಕಾವಲಿಯ ಕೈಲಾಗುವ ಗರಿಷ್ಠ, ಅಂದರೆ ಕೆಪ್ಯಾಸಿಟಿ. ನಡುವೆ ಪಲ್ಯ ಮುಗಿದು ಹತ್ತು ನಿಮಿಷ ಕಾವಲಿ ಖಾಲಿ ಬಿತ್ತು ಅನ್ನಿ, ಹನ್ನೆರಡು ದೋಸೆ ಹೋಯಿತು. ಆ ಗಂಟೆಯ ಥ್ರೂಪುಟ್ 60. ಅದರಲ್ಲಿ ಎರಡು ಸೀದುಹೋಗಿ ಬುಟ್ಟಿಗೆ ಬಿದ್ದರೆ 58. ಗಿರಾಕಿಯ ತಟ್ಟೆಗೆ ಬಂದದ್ದನ್ನು ಮಾತ್ರ ಎಣಿಸಬೇಕು, ಯಾಕಂದರೆ ಹೋಟೆಲಿನ ಕೆಲಸ ಮುಗಿಯುವುದು ಅಲ್ಲಿ.

ಇನ್ನೊಂದು ವಿಷಯ ಇಲ್ಲೇ ಕಾಣುತ್ತದೆ. ಮಾಲಕರು ಪಕ್ಕದ ಅಂಗಡಿ ಜಾಗ ಹಿಡಿದು ಇಪ್ಪತ್ತು ಕುರ್ಚಿ ಜಾಸ್ತಿ ಹಾಕಿದರು ಅಂದುಕೊಳ್ಳಿ. ಸಪ್ಲಾಯರ್ ಹುಡುಗರನ್ನೂ ಸೇರಿಸಿದರು. ದೋಸೆ ಮಾತ್ರ ಗಂಟೆಗೆ 72ರ ಮೇಲೆ ಒಂದೂ ಏಳುವುದಿಲ್ಲ. ಮೊದಲು ಬಾಗಿಲಲ್ಲಿ ನಿಂತು ಕಾಯುತ್ತಿದ್ದವರು ಈಗ ಒಳಗೆ ಕೂತು ಕಾಯುತ್ತಾರೆ. ಇಡೀ ವ್ಯವಸ್ಥೆಯ ಥ್ರೂಪುಟ್ ನಿರ್ಧಾರ ಆಗುವುದು ಅದರ ಅತಿ ಇಕ್ಕಟ್ಟಾದ ಜಾಗದಲ್ಲಿ. ಬೇರೆ ಕಡೆ ಎಷ್ಟು ಅಗಲ ಮಾಡಿದರೂ ಲೆಕ್ಕ ಬದಲಾಗುವುದಿಲ್ಲ.

ಈಗ ನಿಮ್ಮ ಬಂದರಿಗೆ ಬರೋಣ. ನ್ಹಾವಾ ಶೇವಾ, ಅಂದರೆ ನವಿ ಮುಂಬಯಿಯ ಜವಾಹರಲಾಲ್ ನೆಹರೂ ಬಂದರು, 1989ರಲ್ಲಿ ಶುರುವಾಯಿತು. 2024–25ರಲ್ಲಿ ಅದರ ಕಂಟೇನರ್ ಥ್ರೂಪುಟ್ ಸುಮಾರು 73 ಲಕ್ಷ ಟಿಇಯು. ದಿನಕ್ಕೆ ಭಾಗಿಸಿದರೆ ಸರಾಸರಿ 20,000 ಆಗುತ್ತದೆ. ಟಿಇಯು ಅಂದರೆ ಇಪ್ಪತ್ತು ಅಡಿಯ ಒಂದು ಕಂಟೇನರ್. ನಲವತ್ತು ಅಡಿಯದ್ದು ಬಂದರೆ ಎರಡು ಅಂತ ಲೆಕ್ಕ. ಹಾಗಾಗಿ 73 ಲಕ್ಷ ಟಿಇಯು ಅಂದರೆ 73 ಲಕ್ಷ ಪೆಟ್ಟಿಗೆಗಳು ಅಂತ ಅಲ್ಲ. ಖಾಲಿ ಕಂಟೇನರೂ ಈ ಲೆಕ್ಕಕ್ಕೆ ಸೇರುತ್ತದೆ. ಒಂದು ಹಡಗಿನಿಂದ ಇಳಿಸಿ ಇನ್ನೊಂದು ಹಡಗಿಗೆ ಹತ್ತಿಸಿದ ಕಂಟೇನರನ್ನು ಇಳಿಸಿದಾಗ ಒಂದು ಸಲ, ಹತ್ತಿಸಿದಾಗ ಇನ್ನೊಂದು ಸಲ, ಹೀಗೆ ಎರಡು ಸಲ ಎಣಿಸುತ್ತಾರೆ. ಇದು ಮೋಸ ಅಲ್ಲ. ಬಂದರಿನ ಕ್ರೇನು ಎರಡು ಸಲ ಕೆಲಸ ಮಾಡಿದೆ, ಆ ಕೆಲಸವನ್ನು ಅಳೆಯುತ್ತಾರೆ.

ನಿಮ್ಮ ಆಫೀಸಿಗೆ ಅತಿ ಮುಖ್ಯವಾದ ಮಾತು ಇಲ್ಲಿದೆ. ಬಂದರು ಎಣಿಸುವುದು ಹಡಗಿನ ಪಕ್ಕದ ಕ್ರೇನಿನಲ್ಲಿ. ನೀವು ಕಾಯುವುದು ಗೇಟಿನಾಚೆ. ಈ ಸಲ ದಾಖಲೆ ಥ್ರೂಪುಟ್ ಅಂತ ಸುದ್ದಿ ಬರುತ್ತದೆ, ನಿಮ್ಮ ಪಾರ್ಟಿಯ ಮಾಲು ಮಾತ್ರ ಔಟ್ ಆಫ್ ಚಾರ್ಜ್, ಅಂದರೆ ಕಸ್ಟಮ್ಸ್‌ನ ಬಿಡುಗಡೆ ಆದೇಶ, ಸಿಗದೆ ಸಿಎಫ್‌ಎಸ್‌ನಲ್ಲೇ (ಬಂದರಿನ ಹೊರಗಿನ ಕಂಟೇನರ್ ಗೋಡೌನಿನಲ್ಲಿ) ಬಿದ್ದಿರುತ್ತದೆ. ಎರಡೂ ನಿಜ, ಅಲ್ವಾ? ಅಳತೆಯ ಎರಡು ತುದಿಗಳು ಬೇರೆ ಬೇರೆ, ಅದಕ್ಕೇ ಹೀಗೆ. ನಿಮ್ಮ ರಿಪೋರ್ಟಿನಲ್ಲಿ ಬರೆಯುವಾಗ ಎಲ್ಲಿಂದ ಎಲ್ಲಿಗೆ ಅನ್ನುವುದನ್ನು ಬಿಡಬೇಡಿ. ‘ಬಿಲ್ ಆಫ್ ಎಂಟ್ರಿ (ಆಮದು ಮಾಲಿನ ಕಸ್ಟಮ್ಸ್ ಘೋಷಣೆ) ಹಾಕಿದಲ್ಲಿಂದ ಡೆಲಿವರಿವರೆಗೆ, ವಾರಕ್ಕೆ ಇಷ್ಟು ಕಂಟೇನರ್’ ಅಂತ ಬರೆದರೆ ಓದಿದವರಿಗೆ ಅನುಮಾನ ಉಳಿಯುವುದಿಲ್ಲ.

ಕನ್ನಡದಲ್ಲಿ ಏನನ್ನಬೇಕು ಅಂತ ಕೇಳಿದ್ದೀರಿ. ನಮ್ಮ ಪತ್ರಿಕೆಗಳು ‘ಬಂದರು ಇಷ್ಟು ಟನ್ ಸರಕು ನಿರ್ವಹಿಸಿದೆ’ ಅಂತ ಬರೆಯುತ್ತವೆ. ಬಂದರಿನ ಮಟ್ಟಿಗೆ ಅದು ಚೆನ್ನಾಗಿಯೇ ಇದೆ. ಫ್ಯಾಕ್ಟರಿಗೂ ಕಂಪ್ಯೂಟರಿಗೂ ಅದು ಹೊಂದುವುದಿಲ್ಲ. ಎಲ್ಲ ಕಡೆಗೂ ಸಲ್ಲುವ ಒಂದೇ ನಾಮಪದ ಹುಡುಕುವ ಗೊಡವೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಭಾಷೆಯ ಬಲ ಕ್ರಿಯಾಪದದಲ್ಲಿದೆ. ಗಂಟೆಗೆ ಎಷ್ಟು ದಾಟುತ್ತದೆ, ದಿನಕ್ಕೆ ಎಷ್ಟು ಇಳಿಯುತ್ತದೆ, ಪಾಳಿಗೆ ಎಷ್ಟು ಹೊರಬೀಳುತ್ತದೆ — ಹೀಗೆ ಕೇಳಿದರೆ ಅಡುಗೆ ಭಟ್ಟರಿಗೂ ಅರ್ಥವಾಗುತ್ತದೆ, ಇಂಜಿನಿಯರಿಗೂ ಅರ್ಥವಾಗುತ್ತದೆ. ತಾಂತ್ರಿಕ ಬರಹದಲ್ಲಿ ಥ್ರೂಪುಟ್ ಅಂತಲೇ ಕನ್ನಡ ಅಕ್ಷರದಲ್ಲಿ ಬರೆಯಿರಿ, ಏನೂ ನಷ್ಟವಿಲ್ಲ.

ಪ್ರಶ್ನೆ: ವಾಸ್ಕೋದಲ್ಲಿ ಹುಟ್ಟಿ ಬೆಳೆದವನು ನಾನು. ಗಣಿ ನಿಂತ ಮೇಲೆ ಮರ್ಮಗೋವಾ ಬಂದರಿನ ‘ಕೆಪ್ಯಾಸಿಟಿ ಬಿದ್ದುಹೋಯಿತು’ ಅಂತ ನಮ್ಮ ಕಡೆಯವರೆಲ್ಲ ಹೇಳುತ್ತಿದ್ದರು. ಈ ಮಾತು ಸರಿಯೇ?
— ಓದುಗರೊಬ್ಬರು, ವಾಸ್ಕೋ

ಉತ್ತರ: ಬಿದ್ದದ್ದು ಥ್ರೂಪುಟ್. ಕೆಪ್ಯಾಸಿಟಿ ಇದ್ದ ಹಾಗೇ ಇತ್ತು. ಈ ಎರಡು ಪದಗಳ ವ್ಯತ್ಯಾಸಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮ್ಮ ಭಾಗದಲ್ಲಿ ಸಿಗಲಿಕ್ಕಿಲ್ಲ.

2010–11ರಲ್ಲಿ ಮರ್ಮಗೋವಾ ಬಂದರಿನಿಂದ ಸುಮಾರು 5 ಕೋಟಿ ಟನ್ ಸರಕು ಹಾದುಹೋಯಿತು. ಅದರಲ್ಲಿ ಬಹುಪಾಲು ಕಬ್ಬಿಣದ ಅದಿರು. ಗಣಿಯಿಂದ ಟಿಪ್ಪರ್, ಟಿಪ್ಪರಿನಿಂದ ನದಿ ದಂಡೆಯ ಜೆಟ್ಟಿ, ಅಲ್ಲಿಂದ ಬಾರ್ಜು, ಮಾಂಡವಿ ಮತ್ತು ಝುವಾರಿ ನದಿಗಳ ಮೇಲೆ ಸಾಗಿ ಬಂದರು, ಆಮೇಲೆ ಹಡಗು. 2012ರ ಸೆಪ್ಟೆಂಬರಿನಲ್ಲಿ ಗೋವಾ ರಾಜ್ಯ ಸರ್ಕಾರ ಗಣಿಗಾರಿಕೆ ನಿಲ್ಲಿಸಿತು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ತಡೆಯೂ ಬಂತು. ಬಂದರಿನಲ್ಲಿ ಹಡಗು ನಿಲ್ಲುವ ಒಂದು ಬರ್ತೂ ಕುಸಿಯಲಿಲ್ಲ, ಒಂದು ಯಂತ್ರವೂ ಮಾಯವಾಗಲಿಲ್ಲ, ಚಾನೆಲ್ಲಿನ ಆಳವೂ ರಾತ್ರೋರಾತ್ರಿ ಕಡಿಮೆಯಾಗಲಿಲ್ಲ. ಆದರೂ ಹಾದುಹೋಗುವ ಸರಕು ಅರ್ಧಕ್ಕಿಂತ ಎಷ್ಟೋ ಕೆಳಗೆ ಇಳಿಯಿತು. ಸಾಲಿನ ಮೊದಲ ಕೊಂಡಿಯೇ ಕಳಚಿತ್ತು.

2014ರ ಏಪ್ರಿಲ್‌ನಲ್ಲಿ ಕೋರ್ಟು ಮತ್ತೆ ಅನುಮತಿ ಕೊಟ್ಟಾಗ ವರ್ಷಕ್ಕೆ 2 ಕೋಟಿ ಟನ್ ಅಂತ ಮಿತಿ ಹಾಕಿತು. ಗಮನಿಸಿ, ಇಲ್ಲಿ ಇಕ್ಕಟ್ಟಿನ ಜಾಗ ಯಂತ್ರವೂ ಅಲ್ಲ, ನದಿಯೂ ಅಲ್ಲ, ಒಂದು ಆದೇಶ. ಥ್ರೂಪುಟ್ ಲೆಕ್ಕದಲ್ಲಿ ಆದೇಶ, ಸಹಿ, ಪರ್ಮಿಟ್ಟು ಇವೆಲ್ಲ ಯಂತ್ರದಷ್ಟೇ ಗಟ್ಟಿಯಾದ ತಡೆಗಳು. 2018ರಲ್ಲಿ 88 ಗಣಿ ಗುತ್ತಿಗೆಗಳ ನವೀಕರಣ ರದ್ದಾದಾಗ ಸಾಲು ಮತ್ತೊಮ್ಮೆ ನಿಂತಿತು. ಆಗ ಬಾರ್ಜಿನವರು, ಟಿಪ್ಪರ್ ಓಡಿಸುವವರು, ಗ್ಯಾರೇಜಿನವರು ಎಲ್ಲರ ಕೈಯೂ ಖಾಲಿಯಾಯಿತು. ಅವರಲ್ಲಿ ನಮ್ಮ ಉತ್ತರ ಕರ್ನಾಟಕದಿಂದ ಹೋದವರೂ ಇದ್ದರು. ಕೆಪ್ಯಾಸಿಟಿ ಕಾಗದದ ಮೇಲೆ ಹಾಗೇ ಇರುತ್ತದೆ, ಆದರೆ ಸಂಬಳ ಹುಟ್ಟುವುದು ಥ್ರೂಪುಟ್‌ನಿಂದ. ಹಾಗಾಗಿ ಪದ ಸರಿಯಾಗಿ ಬಳಸುವುದು ಬರೀ ವ್ಯಾಕರಣದ ಮಾತಲ್ಲ ಅಂತ ನನಗೆ ಅನ್ನಿಸುತ್ತದೆ.

ಪ್ರಶ್ನೆ: ನಾನು ಒಂದು ಬಿಡಿಭಾಗಗಳ ಫ್ಯಾಕ್ಟರಿಯಲ್ಲಿ ಶಿಫ್ಟ್ ಸೂಪರ್‌ವೈಸರ್. ‘ಥ್ರೂಪುಟ್ ಕಡಿಮೆ ಇದೆ, ಲೈನಿಗೆ ಮಾಲು ಜಾಸ್ತಿ ಬಿಡಿ’ ಅಂತ ಮೇಲಿನವರು ದಿನಾ ಒತ್ತಾಯ ಮಾಡುತ್ತಾರೆ. ಬಿಟ್ಟಷ್ಟೂ ಟ್ರಾಲಿ ತುಂಬುತ್ತದೆ, ಡಿಸ್‌ಪ್ಯಾಚ್ ಏರುವುದಿಲ್ಲ. ಬೈಗುಳ ನಮಗೇ. ಏನು ಉತ್ತರ ಕೊಡಲಿ?
— ಓದುಗರೊಬ್ಬರು, ಚಾಕಣ್

ಉತ್ತರ: ನಿಮ್ಮ ಪರವಾಗಿ ಒಂದು ಗಣಿತದ ನಿಯಮವೇ ಇದೆ. ಅಮೆರಿಕದ ಜಾನ್ ಲಿಟಲ್ 1961ರಲ್ಲಿ ಅದನ್ನು ಸಾಬೀತು ಮಾಡಿ ತೋರಿಸಿದರು, ಅದಕ್ಕೇ ಲಿಟಲ್ ನಿಯಮ ಅನ್ನುತ್ತಾರೆ. ಲೈನಿನಲ್ಲಿ ನಿಂತಿರುವ ಮಾಲು ಅಂದರೆ ಥ್ರೂಪುಟ್ ಮತ್ತು ಒಂದು ಪೀಸು ಒಳಗೆ ಕಳೆಯುವ ಸಮಯ, ಇವೆರಡರ ಗುಣಲಬ್ಧ. ಸರಾಸರಿ ತೆಗೆದುಕೊಂಡರೆ ಇದು ಎಲ್ಲಿ ಬೇಕಾದರೂ ಸರಿಹೊಂದುತ್ತದೆ.

ನಿಮ್ಮ ಲೈನಿನಲ್ಲಿ ಗ್ರೈಂಡಿಂಗ್ ಮೆಷಿನ್ ಎಲ್ಲಕ್ಕಿಂತ ನಿಧಾನ, ಗಂಟೆಗೆ 30 ಪೀಸು ಕೊಡುತ್ತದೆ ಅಂತಿಟ್ಟುಕೊಳ್ಳಿ. ಲೈನಿನಲ್ಲಿ ಒಟ್ಟು 120 ಪೀಸು ಇದೆ. ಹಾಗಾದರೆ ಒಳಗೆ ಬಂದ ಪೀಸು ಹೊರಗೆ ಹೋಗಲು 4 ಗಂಟೆ ಬೇಕು. ಮೇಲಿನವರ ಮಾತು ಕೇಳಿ ನೀವು 240 ಪೀಸು ತುಂಬಿದಿರಿ. ಗ್ರೈಂಡಿಂಗ್ ಆಗಲೂ ಕೊಡುವುದು ಗಂಟೆಗೆ 30. ಆದದ್ದು ಇಷ್ಟೇ, 4 ಗಂಟೆ 8 ಗಂಟೆಯಾಯಿತು. ಜಾಗ ಹೋಯಿತು, ದುಡ್ಡು ಮಾಲಿನಲ್ಲಿ ಸಿಕ್ಕಿಬಿತ್ತು, ಯಾವ ಬಿನ್ನಿನಲ್ಲಿ ಯಾವ ಬ್ಯಾಚು ಅನ್ನುವುದೂ ಗೊಂದಲವಾಯಿತು.

ಅದರ ಬದಲು ಆ ಗ್ರೈಂಡಿಂಗ್ ಮೆಷಿನ್ ಒಂದು ದಿನ ಎಲ್ಲೆಲ್ಲಿ ನಿಲ್ಲುತ್ತದೆ ಅಂತ ಪಕ್ಕದಲ್ಲಿ ನಿಂತು ಬರೆದುಕೊಳ್ಳಿ. ಟೀ ಹೊತ್ತಿಗೆ ಆಪರೇಟರ್ ಎದ್ದು ಹೋದರೆ ಇಪ್ಪತ್ತು ನಿಮಿಷ ಮೆಷಿನ್ ಸುಮ್ಮನೆ ನಿಲ್ಲುತ್ತದೆ, ಹತ್ತು ಪೀಸು ಹೋಯಿತು. ಆ ಹತ್ತು ಪೀಸು ಇಡೀ ಫ್ಯಾಕ್ಟರಿಯ ನಷ್ಟ, ಬೇರೆ ಮೆಷಿನ್ ಎಷ್ಟು ವೇಗವಾಗಿ ಓಡಿದರೂ ಅದು ವಾಪಸ್ ಬರುವುದಿಲ್ಲ. ಅವರಿಗೆ ಟೀ ತಪ್ಪಿಸಬೇಡಿ, ಅವರ ಟೀ ಹೊತ್ತಿಗೆ ಇನ್ನೊಬ್ಬರನ್ನು ನಿಲ್ಲಿಸಿ. ವ್ಹೀಲ್ ಡ್ರೆಸ್ಸಿಂಗ್ (ಗ್ರೈಂಡಿಂಗ್ ಚಕ್ರವನ್ನು ಹದ ಮಾಡುವುದು) ಮತ್ತು ಸೆಟ್ಟಿಂಗ್ ಶಿಫ್ಟ್ ಬದಲಾಗುವ ಹೊತ್ತಿಗೆ ಬರುವ ಹಾಗೆ ಮಾಡಲು ಆಗುತ್ತದಾ ನೋಡಿ. ರಿಜೆಕ್ಟ್ ಆಗುವ ಪೀಸನ್ನು ಗ್ರೈಂಡಿಂಗ್‌ಗೆ ಹೋಗುವ ಮೊದಲೇ ಹಿಡಿಯಿರಿ, ಕೆಟ್ಟ ಪೀಸಿಗೆ ಆ ಮೆಷಿನ್ನಿನ ಎರಡು ನಿಮಿಷ ಕೊಡುವುದು ಶುದ್ಧ ದಂಡ. ಹೀಗೆ ಬರೆದ ಹಾಳೆಯನ್ನು ಮೇಲಿನವರ ಮುಂದಿಡಿ. ಮೆಷಿನ್ನಿನ ಇಕ್ಕಟ್ಟಿಗೆ ಮನುಷ್ಯರನ್ನು ಬೈಯುವುದು ಅನ್ಯಾಯ. ಹಾಳೆ ನೋಡಿದ ಮೇಲೂ ಬೈದರೆ ಅದು ಅವರ ತಪ್ಪು.

ಒಂದು ಎಚ್ಚರಿಕೆ. ಇಸ್ರೇಲಿನ ಎಲಿಯಾಹು ಗೋಲ್ಡ್‌ರಾಟ್ ಕಟ್ಟಿದ ಮ್ಯಾನೇಜ್‌ಮೆಂಟ್ ಪದ್ಧತಿಯಲ್ಲಿ ಥ್ರೂಪುಟ್ ಅಂದರೆ ಪೀಸುಗಳ ಲೆಕ್ಕ ಅಲ್ಲ, ದುಡ್ಡಿನ ಲೆಕ್ಕ. ಮಾರಾಟದಿಂದ ಬಂದ ಹಣದಲ್ಲಿ ಕಚ್ಚಾಮಾಲಿನಂಥ ನೇರ ಖರ್ಚು ಕಳೆದರೆ ಉಳಿಯುವುದು. ಅವರ ಪ್ರಕಾರ ಗೋಡೌನಿನಲ್ಲಿ ಬಿದ್ದಿರುವ ಮಾಲು ಥ್ರೂಪುಟ್ ಆಗಲೇ ಇಲ್ಲ. ನಿಮ್ಮ ಕಂಪನಿಯ ಮೀಟಿಂಗಿನಲ್ಲಿ ಯಾವ ಅರ್ಥದಲ್ಲಿ ಮಾತಾಡುತ್ತಿದ್ದಾರೆ ಅಂತ ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ: 12 ಬೋಗಿಯ ಲೋಕಲ್ ಬದಲು 15 ಬೋಗಿಯದ್ದು ಬಂದರೆ, ಅಥವಾ ಗಾಡಿ ಇನ್ನೂ ಫಾಸ್ಟ್ ಆದರೆ ಜನರ ಥ್ರೂಪುಟ್ ಏರುತ್ತದಾ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ. ಮೂರು ನಿಮಿಷಕ್ಕೊಂದು ಗಾಡಿ ಅಂದರೆ ಒಂದು ಹಳಿಯ ಮೇಲೆ ಗಂಟೆಗೆ 20 ಗಾಡಿ. ಬೋಗಿ 12ರಿಂದ 15ಕ್ಕೆ ಏರಿದರೆ ಅದೇ 20 ಗಾಡಿಯಲ್ಲಿ ಜಾಗ ಶೇ. 25ರಷ್ಟು ಹೆಚ್ಚುತ್ತದೆ. ವೇಗ ಜಾಸ್ತಿಯಾದರೆ ನೀವು ಮುಂಬಯಿಯ ಸಿಎಸ್‌ಎಂಟಿ ಸ್ಟೇಷನ್ನಿಗೆ ಬೇಗ ಮುಟ್ಟುತ್ತೀರಿ, ಅಷ್ಟೇ. ಎರಡು ಗಾಡಿಗಳ ನಡುವಿನ ಅಂತರ ಮೂರು ನಿಮಿಷವೇ ಇರುವವರೆಗೆ ಗಂಟೆಗೆ ದಾಟುವುದು 20 ಗಾಡಿಯೇ. ಆ ಅಂತರವನ್ನು ಕಡಿಮೆ ಮಾಡಬೇಕಾದ್ದು ಸಿಗ್ನಲ್ ವ್ಯವಸ್ಥೆ, ಮತ್ತು ಸ್ಟೇಷನ್ನಿನಲ್ಲಿ ಹತ್ತಿ ಇಳಿಯಲು ಹಿಡಿಯುವ ಸೆಕೆಂಡುಗಳು. ಗಾಡಿ ಉದ್ದವಾದ ಮೇಲೆ ಪ್ಲಾಟ್‌ಫಾರ್ಮಿನ ಮೆಟ್ಟಿಲನ್ನೂ ನೋಡಬೇಕು. ದಾದರ್‌ನಲ್ಲಿ ಎರಡು ಗಾಡಿ ಒಟ್ಟಿಗೆ ಖಾಲಿಯಾದಾಗ ಸೇತುವೆಯ ಬುಡದಲ್ಲಿ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಹಳಿಯ ಮೇಲಿನ ಇಕ್ಕಟ್ಟು ಅಲ್ಲಿ ಮೆಟ್ಟಿಲಿನ ಮೇಲೆ ಬಂದು ನಿಲ್ಲುತ್ತದೆ, ಮತ್ತು ಮೆಟ್ಟಿಲಿನ ಇಕ್ಕಟ್ಟು ಜೀವಕ್ಕೆ ಅಪಾಯ. ಅಗಲವಾದ ಸೇತುವೆಗೆ ದುಡ್ಡು ಹಾಕುವುದು ಗಾಡಿಗೆ ದುಡ್ಡು ಹಾಕಿದಷ್ಟೇ ಅಗತ್ಯ.

ಪ್ರಶ್ನೆ: ಮನೆಗೆ 100 ಎಂಬಿಪಿಎಸ್ ಪ್ಲಾನ್ ಹಾಕಿಸಿದ್ದೇವೆ. ಫೈಲ್ ಡೌನ್‌ಲೋಡ್ ಮಾಡಿದರೆ 11 ಅಂತ ತೋರಿಸುತ್ತದೆ, ಬೆಡ್‌ರೂಮಿನಲ್ಲಿ 4. ಮೋಸವೇ?
— ಓದುಗರೊಬ್ಬರು, ಮುಲುಂಡ್

ಉತ್ತರ: 11ಕ್ಕೆ ಮೋಸ ಅನ್ನಬೇಡಿ. ಪ್ಲಾನಿನ ಲೆಕ್ಕ ಬಿಟ್‌ನಲ್ಲಿ, ಡೌನ್‌ಲೋಡಿನ ಲೆಕ್ಕ ಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್. ಅದರಲ್ಲೂ ಪೂರ್ತಿ ನಿಮ್ಮ ಫೈಲಿಗೆ ಸಿಗುವುದಿಲ್ಲ. ಸಾಮಾನ್ಯ ಈಥರ್‌ನೆಟ್ ತಂತಿಯಲ್ಲಿ ಒಂದು ಪ್ಯಾಕೆಟ್ಟಿಗೆ 1,538 ಬೈಟಿನಷ್ಟು ಜಾಗ ಖರ್ಚಾದರೆ ನಿಮ್ಮ ಫೈಲಿನ ಭಾಗ 1,460. ಉಳಿದದ್ದು ವಿಳಾಸ, ತಪಾಸಣೆ, ನಡುವಿನ ಖಾಲಿ ಜಾಗ. ತಂತಿಯ ಸಾಮರ್ಥ್ಯ ಬ್ಯಾಂಡ್‌ವಿಡ್ತ್, ನಿಜವಾಗಿ ದಾಟಿದ್ದು ಥ್ರೂಪುಟ್, ಅದರಲ್ಲೂ ನಿಮ್ಮ ಕೆಲಸಕ್ಕೆ ಬಂದದ್ದನ್ನು ಮಾತ್ರ ಎಣಿಸಿದರೆ ಗುಡ್‌ಪುಟ್ ಅನ್ನುತ್ತಾರೆ.

ಬೆಡ್‌ರೂಮಿನ 4ಕ್ಕೆ ಕಾರಣ ವೈಫೈ. ಗೋಡೆ ಅಡ್ಡ ಬರುತ್ತದೆ. ಒಂದು ಚಾನೆಲ್ಲಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು, ನಿಮ್ಮ ಬಿಲ್ಡಿಂಗಿನ ಎಲ್ಲ ರೂಟರ್‌ಗಳೂ ಅದೇ ಗಾಳಿಯನ್ನು ಹಂಚಿಕೊಂಡಿವೆ. ಕೇಬಲ್ ಹಾಕಿ ಒಮ್ಮೆ ಅಳೆಯಿರಿ. ಅಲ್ಲಿ 11 ಬಂದರೆ ಕಂಪನಿಯವರ ಜೊತೆ ಜಗಳ ಬೇಡ, ರೂಟರ್ ಜಾಗ ಬದಲಿಸಿ. ಇನ್ನು ವಿಡಿಯೋ ಕಾಲ್‌ನಲ್ಲಿ ಮಾತು ತಡವಾಗಿ ಕೇಳುವುದು ಬೇರೆ ಕಾಯಿಲೆ, ಅದು ಲೇಟೆನ್ಸಿ. ಗಾಜಿನ ತಂತಿಯಲ್ಲಿ ಬೆಳಕು ಓಡುವುದು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ., ಅಮೆರಿಕದಲ್ಲಿರುವ ಮಗಳ ಜೊತೆ ಮಾತಾಡುವಾಗ ಆ ದೂರದ ತಡ ಇದ್ದೇ ಇರುತ್ತದೆ. 100ರ ಪ್ಲಾನನ್ನು 500 ಮಾಡಿದರೂ ಅದು ಹೋಗುವುದಿಲ್ಲ.

ಪ್ರಶ್ನೆ: ಥ್ರೂಪುಟ್ಸ್ ಅಂತ ಬಹುವಚನ ಮಾಡಬಹುದೇ? ಕ್ರಿಯಾಪದವಾಗಿ ಬಳಸಬಹುದೇ? ಸ್ಪೆಲ್ಲಿಂಗ್?
— ಓದುಗರೊಬ್ಬರು, ಪಣಜಿ

ಉತ್ತರ: ಸಾಮಾನ್ಯವಾಗಿ ಏಕವಚನವೇ. ಮೂರು ಯಂತ್ರಗಳನ್ನು ಹೋಲಿಸುವಾಗ ಬಹುವಚನ ಬಂದರೆ ತಪ್ಪಿಲ್ಲ. ಕ್ರಿಯಾಪದ ಮಾಡಬೇಡಿ, ಕೇಳಲು ಕಿವಿಗೆ ಒರಟು. ಹೈ, ಲೋ, ಟೋಟಲ್, ಆನ್ಯುಯಲ್ ಇವೆಲ್ಲ ಥ್ರೂಪುಟ್‌ಗೆ ಮೊದಲು ಸಲೀಸಾಗಿ ನಿಲ್ಲುತ್ತವೆ. ಲ್ಯಾಬುಗಳಲ್ಲಿ ಹೈ-ಥ್ರೂಪುಟ್ ಸೀಕ್ವೆನ್ಸಿಂಗ್ ಅಂತ ವಿಶೇಷಣವಾಗಿಯೂ ಬಳಸುತ್ತಾರೆ, ಅಂದರೆ ಒಂದೇ ಸಲಕ್ಕೆ ಅಪಾರ ಸಂಖ್ಯೆಯ ಡಿಎನ್‌ಎ ತುಣುಕುಗಳನ್ನು ಓದುವುದು. ಒಂದೇ ಪದವಾಗಿ ಬರೆಯಿರಿ, ನಡುವೆ ಗೆರೆ ಬೇಡ. ‘ಥ್ರೂ’ ಭಾಗವನ್ನು ಟಿ, ಎಚ್, ಆರ್, ಯು ಅಂತ ಗಿಡ್ಡ ಮಾಡಿದ ರೂಪ ಹಳೆಯ ಅಮೆರಿಕನ್ ಕಂಪ್ಯೂಟರ್ ಕೈಪಿಡಿಗಳಲ್ಲಿ ಕಾಣುತ್ತದೆ, ಅರ್ಜಿಯಲ್ಲಿ ಅದನ್ನು ಬಳಸಬೇಡಿ. ಉಚ್ಚಾರದಲ್ಲಿ ಒತ್ತು ‘ಥ್ರೂ’ ಮೇಲೆ ಬೀಳಲಿ.